ಹೊಲ ಇಲ್ಲದ ತವರು

ರತ್ನವ್ವನಿಗೆ ಗೊತ್ತಿದೆ ಅನ್ನುವುದೊಂದನ್ನು ಬಿಟ್ಟರೆ ಆ ಮನೆಯವರಿಗೆ ಎಲ್ಲವೂ ಗೊತ್ತಿತ್ತು.

ಸುದ್ದಿ ಬಂದದ್ದು ಎರಡು ಸಾವಿರದ ನಾಲ್ಕರ ಹೊಸ್ತಿಲ ಹುಣ್ಣಿಮೆಯ ದಿನ. ಹಿಟ್ನಾಳದ ವಿರುಪಣ್ಣನ ಮನೆಯಲ್ಲಿ ಬೆಳಿಗ್ಗೆಯೇ ಹೊಸ್ತಿಲಿಗೆ ಅರಿಷಿಣ ಬಳಿದು, ಹೋಳಿಗೆಗೆ ಬೇಳೆ ಒಲೆಯ ಮೇಲೆ ಇಟ್ಟಾಗಿತ್ತು. ಸೊಸೆ, ಮಗ ಗೋವಿಂದರಾಜನ ಹೆಂಡತಿ ರತ್ನವ್ವ ಹಿತ್ತಲಲ್ಲಿ ಕೂತು ತಾಮ್ರದ ಕೊಡಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ಐದು ತಿಂಗಳ ಬಸುರಿ. ಬಗ್ಗುವ ಕೆಲಸ ಮಾಡಬೇಡ ಅಂತ ಅತ್ತೆ ಮಾರೆವ್ವ ದಿನವೆಲ್ಲ ಹೇಳುವವಳೇ, ಹೇಳಿದ ಮೇಲೆ ತಾನೇ ಇನ್ನೊಂದು ಕೊಡ ತಂದು ಸೊಸೆಯ ಮುಂದಿಡುವವಳೂ ಅವಳೇ.

ಪಡಸಾಲೆಯಲ್ಲಿ ಟಿವಿ ನಡೆದಿತ್ತು. ನಾದಿನಿ ಸಹನಾ ಕೊಪ್ಪಳದ ಕಾಲೇಜಿಗೆ ಹೋಗುವ ಹುಡುಗಿ. ಭಾನುವಾರ ಬಂತೆಂದರೆ ಟಿವಿ ಮುಂದಿನಿಂದ ಏಳುವವಳಲ್ಲ.

“ಯವ್ವಾ, ಸಮುದ್ರ ಎದ್ದು ಊರೊಳಗ ಬಂದೈತಂತ ನೋಡ ಬಾ.”

“ಸಮುದ್ರಂದ್ರ ಏನು ಆಕಳೇನ, ಎದ್ದು ಬರಾಕ?” ಮಾರೆವ್ವ ಅಡುಗೆಮನೆಯಿಂದಲೇ ನಕ್ಕಳು.

“ಖರೇನಬೇ. ಸಮುದ್ರದ ಬುಡದಾಗ ಭೂಮಿ ನಡುಗೈತಂತ. ನೀರು ತೆಂಗಿನ ಮರದೆತ್ತರ ಎದ್ದು ಬಂದು ಮನಿ, ದೋಣಿ, ಮಂದಿ ಎಲ್ಲಾ ಬಳಕೊಂಡು ಹೋಗೈತಂತ. ಮದ್ರಾಸು, ನಾಗಪಟ್ಟಣ...” ಹುಡುಗಿಯ ದನಿ ಇಳಿಯಿತು. “ಅಪ್ಪಾ, ಮಚಲೀಪಟ್ಟಣಾನೂ ಅನ್ನಾಕತ್ಯಾರ. ಅದು ವೈನಿ ಊರ ಕಡೀದಲ್ಲ?”

ಬೇಳೆ ಕುದಿಯುವ ಸದ್ದು ಹಿತ್ತಲಿಗೂ ಕೇಳುವಷ್ಟು ಮನೆ ತೆಪ್ಪಗಾಯಿತು. ಆಮೇಲೆ ಮಾವ ವಿರುಪಣ್ಣನ ದನಿ. “ಆರಸು ಅದನ್ನ. ಹುಡುಗಿ ಕಿವಿಗೆ ಒಂದು ಮಾತು ಬೀಳಬಾರದು. ಹೋದ ವರ್ಷ ಏನಾತು ಗೊತ್ತೈತಿಲ್ಲ?”

ಹೋದ ವರ್ಷ ರತ್ನವ್ವನ ಮೊದಲ ಬಸಿರು ಮೂರು ತಿಂಗಳಿಗೇ ಇಳಿದುಹೋಗಿತ್ತು. ಬಸುರಿಗೆ ಸಾವಿನ ಸುದ್ದಿ ಮುಟ್ಟಿಸಬಾರದು, ಮುಟ್ಟಿಸಿದರೆ ಹೊಟ್ಟೆಯಲ್ಲಿದ್ದದ್ದು ನಿಲ್ಲುವುದಿಲ್ಲ ಅನ್ನುವುದು ಆ ಸೀಮೆಯ ಹಿರಿಯರ ಮಾತು.

“ಸತ್ತಾರ ಅಂತ ಯಾರರೇ ಹೇಳ್ಯಾರೇನ್ರಿ?” ಮಾರೆವ್ವ ಕೇಳಿದಳು.

“ಇದ್ದಾರ ಅಂತಾನೂ ಯಾರೂ ಹೇಳಿಲ್ಲ. ಗೋವಿಂದ ಹೋಗಿ ನೋಡಿ ಬರಲಿ. ಅಲ್ಲೀತನ ಎಲ್ಲಾರೂ ಬಾಯಿ ಹೊಲಕೊಂಡು ಇರ್ರಿ.”

ಪಡಸಾಲೆಯ ಕಿಟಕಿ ಹಿತ್ತಲಿಗೆ ತೆರೆದಿತ್ತು. ಮನೆ ಕಟ್ಟಿಸಿದಾಗಿನಿಂದ ಅದು ಅಲ್ಲೇ ಇದೆ, ಆದರೆ ಅವತ್ತು ಅದನ್ನು ಯಾರೂ ನೆನೆಸಲಿಲ್ಲ. ರತ್ನವ್ವ ಕೈ ನಿಲ್ಲಿಸಲಿಲ್ಲ. ಕೈ ನಿಂತರೆ ಸದ್ದು ನಿಲ್ಲುತ್ತದೆ, ಸದ್ದು ನಿಂತರೆ ಯಾರಾದರೂ ಬಂದು ನೋಡುತ್ತಾರೆ. ತೊಳೆದ ಕೊಡವನ್ನೇ ಮತ್ತೆ ಮತ್ತೆ ತೊಳೆದಳು. ಮಧ್ಯಾಹ್ನ ಎರಡು ಹೋಳಿಗೆ ತಿಂದಳು, ಅತ್ತೆ ತುಪ್ಪ ಹಾಕಿದಾಗ ಸಾಕು ಅನ್ನಲಿಲ್ಲ. ಟಿವಿ ಯಾಕೆ ಹಚ್ಚಿಲ್ಲ ಅಂತಲೂ ಕೇಳಲಿಲ್ಲ. ಕೇಳದಿದ್ದರೂ ಸಹನಾ ತಾನಾಗಿ, “ಕೇಬಲ್ ಹೋಗೈತ್ರಿ ವೈನಿ,” ಅಂದಳು.

ಯಾಕೆ ಸುಮ್ಮನಿದ್ದಳು ಅಂತ ಕೇಳಿದರೆ ಏನು ಹೇಳುವುದು? ಹೊಟ್ಟೆಯಲ್ಲಿದ್ದದ್ದರ ಹೆದರಿಕೆ ಅವಳಿಗೂ ಇತ್ತು. ಅದಕ್ಕಿಂತ ಹೆಚ್ಚಾಗಿ, ಯಾರೂ ಎದುರಿಗೆ ನಿಂತು ಹೇಳುವ ತನಕ ಅವಳ ಅವ್ವ ಸತ್ತಿರಲಿಲ್ಲ.

ಅವಳ ಪೂರ್ತಿ ಹೆಸರು ನೂಕರತ್ನಂ. ಹಿಟ್ನಾಳದ ನಾಲಿಗೆಗೆ ಅದು ಹೊರಳದೆ ರತ್ನವ್ವ ಆಯಿತು. ಅಪ್ಪ, ಅವ್ವ, ತಮ್ಮನ ಜೊತೆ ಅವಳು ತುಂಗಭದ್ರಾ ಡ್ಯಾಮಿನ ಹಿನ್ನೀರಿಗೆ ಬಂದದ್ದು ಮೀನಿನ ಗುತ್ತಿಗೆದಾರನೊಬ್ಬ ಕರೆಸಿದ ಮಂದಿಯ ಕೂಡ. ದಂಡೆಯ ಮೇಲೆ ತಾಡಪತ್ರಿಯ ಗುಡಿಸಲು ಹಾಕಿ, ಹರಿಗೋಲಿನಲ್ಲಿ ಹೋಗಿ ಬಲೆ ಬಿಡುವ ಕೆಲಸ. ವಿರುಪಣ್ಣನ ಮಗ ಗೋವಿಂದರಾಜ ಆಗ ಗುತ್ತಿಗೆದಾರನ ಟೆಂಪೋ ಓಡಿಸುತ್ತಿದ್ದ. ಮಂಜುಗಡ್ಡೆ ತಂದು ಹಾಕಿ ಮೀನು ತುಂಬಿಕೊಂಡು ಹೋಗುವವನು, ಬರಬರುತ್ತಾ ಮಂಜುಗಡ್ಡೆ ಕರಗಿದರೂ ಅಲ್ಲೇ ನಿಲ್ಲತೊಡಗಿದ. ಭಾಷೆ ಬೇರೆ, ಮೀನು ತಿನ್ನುವ ಮಂದಿ ಅಂತ ಮನೆಯಲ್ಲಿ ಒಂದಷ್ಟು ಕೂಗಾಟವಾಗಿ, ಕಡೆಗೆ ಹುಲಿಗೆಮ್ಮನ ಗುಡಿಯಲ್ಲಿ ತಾಳಿ ಬಿತ್ತು. ಮುಂದಿನ ಆಷಾಢದ ಗಾಳಿಗೆ ಹರಿಗೋಲು ಮಗುಚಿ ಅವಳ ಅಪ್ಪ ಹಿನ್ನೀರಿನಲ್ಲಿ ಹೋದ. ಅವ್ವ ಮಗನನ್ನು ಕರೆದುಕೊಂಡು ಊರಿಗೆ ಹೊರಟು ನಿಂತಳು. “ಈ ನೀರು ಕಟ್ಟಿ ಹಾಕಿದ ಎಮ್ಮಿ ಇದ್ದಂಗ. ಯಾವಾಗ ಒದೀತೈತೋ ತಿಳಿಯಂಗಿಲ್ಲ. ಸಮುದ್ರಕ್ಕ ನಾವು ಗೊತ್ತು,” ಅಂತ ತೆಲುಗಿನಲ್ಲಿ ಹೇಳಿ ಬಸ್ಸು ಹತ್ತಿದ್ದಳು. ಆ ಮಾತು ಈಗ ರತ್ನವ್ವನಿಗೆ ಅನ್ನ ಬಸಿಯುವಾಗ, ಬಟ್ಟೆ ಒಣಗಿಸುವಾಗ, ಸುಮ್ಮಸುಮ್ಮನೆ ಕೇಳಿಸುತ್ತಿತ್ತು.

ಆ ವಾರದಲ್ಲಿ ಊರೆಲ್ಲ ಅವಳನ್ನು ಪ್ರೀತಿಸತೊಡಗಿತು. ನಳದ ಹತ್ತಿರ ಸರತಿ ಬಿಟ್ಟುಕೊಡದ ದುರಗಮ್ಮ, “ನೀ ಮೊದಲ ತುಂಬಿಕೋ ಯವ್ವಾ,” ಅಂದಳು. ಅವಳು ಕೊಡ ಹಿಡಿದು ಬರುತ್ತಲೇ ಹೆಂಗಸರ ಮಾತು ಕತ್ತರಿಸಿದಂತೆ ನಿಲ್ಲುತ್ತಿತ್ತು. ಪಕ್ಕದ ಮನೆಯ ಜೋಹರಾಬಿ ಒಂದು ಬಟ್ಟಲು ಶ್ಯಾವಿಗೆ ಪಾಯಸ ತಂದುಕೊಟ್ಟು, ತಲೆ ಸವರಿ ಹೋದಳು. ಹಬ್ಬವಿಲ್ಲ ಹರಿದಿನವಿಲ್ಲ, ಪಾಯಸ ಯಾಕೆ? ಸತ್ತವರ ಮನೆಯವರಿಗೆ ತೋರಿಸುವ ಕರುಣೆಯನ್ನೆಲ್ಲ ಊರು ತೋರಿಸುತ್ತಿತ್ತು, ಸಾವನ್ನು ಮಾತ್ರ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಸಹನಾ ಪೇಪರನ್ನು ಓದಿ ದಿಂಬಿನ ಕೆಳಗೆ ಬಚ್ಚಿಡುತ್ತಿದ್ದಳು. ವೈನಿಗೆ ಕನ್ನಡ ಓದಲು ಬಾರದು ಅನ್ನುವುದು ಹುಡುಗಿಗೆ ಮರೆತೇ ಹೋಗಿತ್ತು.

ಒಂದು ದಿನ ರತ್ನವ್ವ ತಡೆಯದೆ, “ಅವ್ವಗ ಫೋನ್ ಮಾಡಿ ಬರ್ತೀನಿ ಅತ್ತಿ,” ಅಂದಳು. ಅವ್ವನ ಕೇರಿಯ ಹತ್ತಿರದ ಅಂಗಡಿಯೊಂದಕ್ಕೆ ಫೋನ್ ಇತ್ತು. ತಿಂಗಳಿಗೊಮ್ಮೆ ರತ್ನವ್ವ ಮಾಡಿದರೆ ಅಂಗಡಿಯವ ಅವ್ವನನ್ನು ಕರೆಸುತ್ತಿದ್ದ.

ಮಾರೆವ್ವ ರೊಟ್ಟಿ ಬಡಿಯುತ್ತಿದ್ದ ಕೈ ತಡೆದಳು. “ಈಗ ಬಿಸಿಲ ಭಾಳ ಐತಿ. ಸಂಜೀಕ ಹೋಗವಂತಿ.”

“ಚಳಿಗಾಲ ಐತ್ರಿ ಅತ್ತಿ.”

“ಚಳಿಗಾಲದ ಬಿಸಿಲ ಬಸುರಿಗೆ ಛಲೋ ಅಲ್ಲ.”

ಸಂಜೆ ಸಹನಾ ಜೊತೆಗೆ ಬಂದಳು. ಹೈವೇ ಸರ್ಕಲ್ಲಿನ ಅಂಗಡಿಯಲ್ಲಿ ಯಾರೋ ಒಬ್ಬ ಎಸ್‌ಟಿಡಿ ಬೂತಿನಲ್ಲಿ ಜೋರಾಗಿ ಮಾತಾಡಿ ಮುಗಿಸಿ ಹೊರಗೆ ಬರುತ್ತಿದ್ದ. ಅಂಗಡಿಯ ಗಾಳೆಪ್ಪ ರತ್ನವ್ವನನ್ನು ಕಂಡವನೇ ರಿಸೀವರಿಗೆ ಕೈ ಅಡ್ಡ ಇಟ್ಟ.

“ಫೋನ್ ಕೆಟ್ಟೈತಿ ತಂಗಿ.”

“ಅಂವ ಈಗ ಮಾತಾಡಿದ್ನಲ್ಲರಿ ಅಣ್ಣಾರ?”

“ಈಗ ಕೆಟ್ತು,” ಅಂದ ಗಾಳೆಪ್ಪ, ನೆಲ ನೋಡುತ್ತಾ.

ಅಳಬೇಕೋ ನಗಬೇಕೋ ತಿಳಿಯಲಿಲ್ಲ ರತ್ನವ್ವನಿಗೆ. ಸುಳ್ಳು ಹೇಳಲು ಬಾರದ ಮಂದಿ ಊರು ತುಂಬಾ ಸೇರಿಕೊಂಡು ಅವಳೊಬ್ಬಳಿಗಾಗಿ ಸುಳ್ಳು ಕಲಿಯುತ್ತಿದ್ದರು. ಅಷ್ಟು ಮಂದಿಯ ನಡುವೆ ಅವಳಷ್ಟು ಒಂಟಿ ಯಾರೂ ಇರಲಿಲ್ಲ.

ಗೋವಿಂದರಾಜ ಈಗ ಗಂಗಾವತಿಯ ಲಾರಿಯೊಂದರ ಡ್ರೈವರ್. “ಗುಂಟೂರಿಂದ ಮೆಣಸಿನಕಾಯಿ ತರೋದೈತಿ,” ಅಂತ ಹೇಳಿ ಹೋಗಿದ್ದ. ಮೆಣಸಿನಕಾಯಿ ತರಲು ಹೋಗುವವನು ಹೆಂಡತಿಯ ಮುಖ ನೋಡದೆ ಯಾಕೆ ಹೋಗಬೇಕು ಅಂತ ರತ್ನವ್ವ ಕೇಳಲಿಲ್ಲ. ಅವನು ಎಲ್ಲಿಗೆ ಹೋದ ಅಂತ ಗೊತ್ತಿತ್ತು. ಅವನು ಬರುವ ದಾರಿಯನ್ನು ಮನೆಯವರೆಲ್ಲರಿಗಿಂತ ಹೆಚ್ಚು ಕಾದವಳು ಅವಳೇ.

ಬಂದದ್ದು ಎಳ್ಳಮಾವಾಸ್ಯೆಯ ದಿನ. ಮನೆಯವರೆಲ್ಲ ಸಜ್ಜೆ ರೊಟ್ಟಿ, ಎಳ್ಳು ಹಚ್ಚಿದ ಜೋಳದ ರೊಟ್ಟಿ, ಎಣಗಾಯಿ, ಕಾಳು ಪಲ್ಯ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೊಲಕ್ಕೆ ಹೋಗಿದ್ದರು. ವಿರುಪಣ್ಣ ಭೂತಾಯಿಯ ಪಾಲಿನ ಚರಗವನ್ನು ಬೆಳೆಗೆ ಚೆಲ್ಲಿ ಬಂದು ಕೂತಿದ್ದ. ಬನ್ನಿ ಗಿಡದ ನೆರಳಲ್ಲಿ ಊಟಕ್ಕೆ ಕೂರುವ ಹೊತ್ತಿಗೆ ಗೋವಿಂದರಾಜ ಬದುವಿನ ಮೇಲೆ ನಡೆದು ಬಂದ. ಕಣ್ಣು ಒಳಗೆ ಹೋಗಿದ್ದವು. ಮಾರೆವ್ವ ರೊಟ್ಟಿಯ ಮೇಲೆ ಪಲ್ಯ ಹಾಕಿ ಕೈಗೆ ಕೊಟ್ಟಳು. ಅವನು ತುತ್ತು ಮುರಿದು ಹಿಡಿದುಕೊಂಡು ಕೂತ.

ರತ್ನವ್ವ ನೀರಿನ ತಂಬಿಗೆ ಇಡುತ್ತಾ ಕೇಳಿದಳು. “ಗುಂಟೂರತನ ಹೋದಾರು ನಮ್ಮೂರಿಗೆ ಹೋಗಿದ್ರೇನು?”

ವಿರುಪಣ್ಣ ಕೆಮ್ಮಿದ. ಗೋವಿಂದರಾಜ ಅಪ್ಪನನ್ನೊಮ್ಮೆ ನೋಡಿದ.

“ಹೋಗಿದ್ದೆ.”

“ಅವ್ವ?”

“ಅದಾಳ. ಆರಾಮ ಅದಾಳ.”

“ತಮ್ಮ?”

“ಅಂವನೂ ಆರಾಮ ಅದಾನ.”

“ಮನಿ ಹೆಂಗೈತಿ?”

“ಹೆಂಗಿತ್ತ ಹಂಗ ಐತಿ.”

“ದೋಣಿ?”

“ದೋಣೀನೂ ಐತಿ. ಎಷ್ಟ ಕೇಳ್ತೀಬೇ, ಉಣ್ಣಾಕ ಬಿಡು.”

ರತ್ನವ್ವ ಸರಕ್ಕನೆ ಎದ್ದು ಜೋಳದ ಬೆಳೆಯೊಳಗೆ ಹೋದಳು. ಆಳೆತ್ತರದ ದಂಟಿನ ನಡುವೆ ಕೂತು ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಮನೆ ಇದೆಯಂತೆ! ಮನೆ ಇದ್ದರೆ ನೀರು ಅಲ್ಲಿಗೆ ಬಂದಿಲ್ಲ. ಇವರೆಲ್ಲ ಹೆದರಿ ಸಾಯುತ್ತಿದ್ದರು, ನೋಡಿದರೆ ದೋಣಿಗೂ ಏನೂ ಆಗಿಲ್ಲ. ತಿರುಗಿ ಬಂದಾಗ ಕಣ್ಣು ಕೆಂಪಾದದ್ದು ಕಂಡು ಮಾರೆವ್ವ ಏನಾಯಿತೆಂದಳು.

“ಖಾರ ಹತ್ತಿತ್ರಿ ಅತ್ತಿ,” ಅಂತ ನಕ್ಕಳು ರತ್ನವ್ವ, ಮತ್ತೆ ಎರಡು ಹೋಳಿಗೆ ಹಾಕಿಸಿಕೊಂಡಳು.

ಆಮೇಲಿನ ವಾರಗಳಲ್ಲಿ ಆ ಮನೆಯಲ್ಲಿ ನಗುತ್ತಿದ್ದವಳು ಅವಳೊಬ್ಬಳೇ. ಸಂಕ್ರಾಂತಿಗೆ ಎಳ್ಳು ಹಚ್ಚಿಕೊಂಡು ಎಣ್ಣೆ ಎರೆದುಕೊಂಡಳು. ಫೋನ್ ಇನ್ನೂ ಕೆಟ್ಟೇ ಐತಿ ಅಂತ ಗಾಳೆಪ್ಪ ಅಂದರೆ ನಗುತ್ತಾ ತಿರುಗಿ ಬಂದಳು. ದುರಗಮ್ಮನಿಗೆ, “ನಮ್ಮನಿಯಾರು ನಮ್ಮೂರಿಗೆ ಹೋಗಿ ಬಂದ್ರು, ಎಲ್ಲಾರೂ ಆರಾಮ ಅದಾರಂತ,” ಅಂದರೆ ದುರಗಮ್ಮ ಕೊಡ ಅರ್ಧಕ್ಕೇ ತುಂಬಿಕೊಂಡು ಓಡಿದಳು. ರೊಟ್ಟಿ ಬಡಿಯಲು ಕಲಿತೇ ತೀರುತ್ತೇನೆಂದು ದಿನಾ ಒಲೆಯ ಮುಂದೆ ಕೂತಳು. ಹಿಂದೆಲ್ಲ, “ನಿನ್ನ ರೊಟ್ಟಿಗೆ ಮೂಲಿ ಎಷ್ಟದಾವ ಎಣಿಸೋದರಾಗ ಹೊತ್ತು ಹೋಗ್ತೈತಿ,” ಅಂತ ಕಾಡಿಸುತ್ತಿದ್ದ ಮಾರೆವ್ವ ಈಗ ಸೊಟ್ಟ ರೊಟ್ಟಿಯನ್ನೂ, “ಛಲೋ ಆಗೈತಿ,” ಅಂತ ತಿನ್ನುತ್ತಿದ್ದಳು. ಅತ್ತೆ ಬೈಯದಿದ್ದದ್ದು ರತ್ನವ್ವನಿಗೆ ತನ್ನ ಹೊಸ ಸುಖದ ಒಂದು ಭಾಗದಂತೆಯೇ ಕಂಡಿತು.

ಒಂದು ಸಂಜೆ ದನದ ಕೊಟ್ಟಿಗೆಯಲ್ಲಿ ತಾಯಿ ಮಗನ ಜಗಳ ಹತ್ತಿತು. ಅಂಗಳ ಗುಡಿಸುತ್ತಿದ್ದವಳಿಗೆ ಅದರ ಬಾಲ ಮಾತ್ರ ಕೇಳಿಸಿತು.

“ಸುಮ್ನಿರು ಅಂದ್ರ ಸುಮ್ನಿರಬೇಕಾಗಿತ್ತು. ದೋಣಿ ಐತಿ ಅಂತ ಹೇಳಾಕ ನಿನಗ ಯಾರು ಹೇಳಿದ್ರು?”

“ಆಕಿ ಬಾಯಿಬಿಟ್ಟು ಕೇಳಿದ್ಲಬೇ! ಏನ್ ಹೇಳಲಿ? ನೀವ ಹೇಳಿಕೊಟ್ಟಿದ್ರಿ ಹೇಳಬ್ಯಾಡ ಅಂತ.”

“ಈಗ ಕುಬಸಕ್ಕ ಯಾರು ಬರ್ತಾರ? ಆಕಿ ದಿನಾ ಕೇಳಾಕತ್ಯಾಳ, ನಮ್ಮವ್ವ ಯಾವಾಗ ಬರ್ತಾಳಂತ.”

“ನೀನ ಏನರ ಮಾಡು.”

“ಮಾಡ್ತೀನಿ. ನಿಮ್ಮ ಕೈಲೆ ಏನ್ ಆಗ್ತೈತಿ? ನಾನ ಮಾಡ್ತೀನಿ.”

ಸುಖದಲ್ಲಿದ್ದವರ ಕಿವಿ ತನಗೆ ಬೇಕಾದದ್ದನ್ನೇ ಕೇಳುತ್ತದೆ. ಕುಬಸದ ಅಡುಗೆ, ಕರೆಯುವ ಮಂದಿ ಇದಕ್ಕೇ ಜಗಳ ಅಂದುಕೊಂಡಳು ರತ್ನವ್ವ. ಹಾಗೆ ಅಂದುಕೊಳ್ಳಲು ಅವಳು ಕಷ್ಟಪಡಬೇಕಾಯಿತು ಅನ್ನುವುದೂ ನಿಜ. ಪೊರಕೆ ಹಿಡಿದ ಕೈ ಅವತ್ತು ಒಂದೇ ಜಾಗವನ್ನು ಬಹಳ ಹೊತ್ತು ಗುಡಿಸಿತು.

ಚೊಚ್ಚಲ ಕೂಸಿನ ಕುಬಸ, ಅಂದರೆ ಸೀಮಂತ, ಮಾಡಬೇಕಾದವರು ತವರಿನವರು. ಹಸಿರು ಸೀರೆ, ಹಸಿರು ಬಳೆ, ರವಿಕೆಯ ಕಣ, ಬುಟ್ಟಿ ತುಂಬಾ ಬುತ್ತಿ ಹೊತ್ತು ತಾಯಿ ಬರಬೇಕು. ಬಂದು ಮಗಳಿಗೆ ಉಡಿ ತುಂಬಿ, ಬಾಣಂತನಕ್ಕೆ ಕರೆದುಕೊಂಡು ಹೋಗಬೇಕು. “ನಿಮ್ಮವ್ವಗ ಕಾಲನೋವು ಐತಂತ. ಬರೋದು ಆಗಂಗಿಲ್ಲ, ಬುತ್ತಿ ಕೊಟ್ಟು ತನ್ನ ಕಡಿಯಾಕಿ ಒಬ್ಬಾಕಿನ್ನ ಕಳಸ್ತಾಳಂತ,” ಅಂತ ಗೋವಿಂದರಾಜ ತಂದು ಮುಟ್ಟಿಸಿದ. ಅವ್ವನಿಗೆ ಕಾಲುನೋವು! ತಲೆ ಮೇಲೆ ಮೀನಿನ ಬುಟ್ಟಿ ಹೊತ್ತು ಊರೂರು ತಿರುಗುವವಳಿಗೆ! ರತ್ನವ್ವ ಅದನ್ನೂ ನಂಬಿದಳು. ವಯಸ್ಸಾಯಿತಲ್ಲ, ಬಂದಿರಬಹುದು.

ಮಾಘ ಹುಟ್ಟಿದ ಮೇಲೆ ಒಂದು ಒಳ್ಳೆಯ ದಿನ ನೋಡಿ ಅಂಗಳಕ್ಕೆ ಚಪ್ಪರ ಹಾಕಿದರು. ಹನ್ನೊಂದರ ಹೊತ್ತಿಗೆ ಗಂಗಾವತಿ ಬಸ್ಸಿನಿಂದ ಒಬ್ಬ ತೆಲುಗು ಹೆಂಗಸು ಇಳಿದಳು. ಆಂಧ್ರದಿಂದ ಬಂದು ಕಾಲುವೆ ಕಡೆಯ ಕ್ಯಾಂಪುಗಳಲ್ಲಿ ಗದ್ದೆ ಮಾಡಿಕೊಂಡವರ ಪೈಕಿ ಅನ್ನುವುದು ಅವಳ ಕೈಯ ಬಳೆ, ಕಾಲಿನ ಚಪ್ಪಲಿ ನೋಡಿದರೇ ತಿಳಿಯುತ್ತಿತ್ತು. ತಲೆಯ ಮೇಲೆ ದೊಡ್ಡ ಬುಟ್ಟಿ, ಮೇಲೆ ಹೊಸ ಬಿಳಿ ಬಟ್ಟೆ. ಹೆಂಗಸರೆಲ್ಲ, “ತವರಿನ ಬುತ್ತಿ ಬಂತು, ತವರಿನ ಬುತ್ತಿ ಬಂತು,” ಅಂತ ಒಂದೇ ಸಮನೆ ಗದ್ದಲ ಮಾಡಿದರು. ಅಷ್ಟು ಗದ್ದಲ ಬೇಕಿರಲಿಲ್ಲ.

ರತ್ನವ್ವನನ್ನು ಮಣೆಯ ಮೇಲೆ ಕೂರಿಸಿದರು. ಆ ಹೆಂಗಸು ಹಸಿರು ಸೀರೆ ಮಡಿಲಿಗಿಟ್ಟು ತೆಲುಗಿನಲ್ಲಿ, “ನಿಮ್ಮಮ್ಮ ಕಳಿಸಿದಾಳೆ ತಾಯಿ, ಕ್ಷೇಮವಾಗಿದಾಳೆ,” ಅಂದಳು. ಎಷ್ಟೋ ತಿಂಗಳ ಮೇಲೆ ಎದುರಿಗೆ ಕೂತು ಆಡಿದ ತೆಲುಗು. ರತ್ನವ್ವನಿಗೆ ಆ ಹೆಂಗಸಿನ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು, ಹಿಡಿದೂಬಿಟ್ಟಳು. ಆಮೇಲೆ ಆ ಹೆಂಗಸು ಬುಟ್ಟಿಯ ಬಟ್ಟೆ ಸರಿಸಿದಳು. ಅರಿಸೆಲು ಅನ್ನುವ ಕಜ್ಜಾಯ, ಉದ್ದಿನ ಉಂಡೆ, ಒಂದು ಸೇರು ಹೊಸ ಅಕ್ಕಿ. ಅಕ್ಕಿಯನ್ನು ಬೊಗಸೆಯಲ್ಲಿ ಎತ್ತಿ ಎಲ್ಲರಿಗೂ ತೋರಿಸುತ್ತಾ, ಹೇಳಿಕೊಟ್ಟದ್ದನ್ನು ತಪ್ಪಿಲ್ಲದೆ ಒಪ್ಪಿಸುವ ಸಾಲಿ ಹುಡುಗಿಯ ಹಾಗೆ ಕನ್ನಡದಲ್ಲಿ ಅಂದಳು.

“ಇದು ನಿಮ್ಮ ಸ್ವಂತ ಹೊಲದ್ದಮ್ಮಾ. ಈ ವರ್ಷ ನಿಮ್ಮಮ್ಮನ ಹೊಲ ಭಾಳ ಛಲೋ ಬಂದಿದೆ.”

“ಹೌದಬೇ, ಬುತ್ತಿ ಅಂದ್ರ ಹಂಗ ಇರಬೇಕು. ಕೊಂಡು ತಂದದ್ದು ಬುತ್ತಿ ಅಲ್ಲ,” ಅಂತ ಮಾರೆವ್ವ ಮೇಲಿಂದ ಹೇರಿದಳು.

ಒಕ್ಕಲುತನದ ಮಂದಿ ಮಾಡುವ ತಪ್ಪು ಅದು. ಊರು ಅಂದಮೇಲೆ ಅಲ್ಲಿ ಮನೆ ಇರುತ್ತದೆ, ಮನೆ ಅಂದಮೇಲೆ ಒಂದು ತುಂಡಾದರೂ ಹೊಲ ಇರುತ್ತದೆ. ಹಿಟ್ನಾಳದವರಿಗೂ ಕ್ಯಾಂಪಿನವರಿಗೂ ಅದರಲ್ಲಿ ಸಂಶಯವೇ ಇಲ್ಲ. ಮಗಳ ಬುತ್ತಿಗೆ ಮರ್ಯಾದೆ ಬರುವುದೇ ಹೊಲದ ಕಾಳಿನಿಂದ. ರತ್ನವ್ವನ ಕೇರಿಯಲ್ಲಿ ಹುಟ್ಟಿದವರು ಯಾರೂ ನೇಗಿಲು ಮುಟ್ಟಿದವರಲ್ಲ. ಕಣ್ಣು ಹಾಯಿಸಿದಷ್ಟೂ ಮರಳು. ತುಳಸಿ ಗಿಡ ಹಚ್ಚಲಿಕ್ಕೂ ಬೇರೆ ಊರಿನ ಮಣ್ಣು ತರಬೇಕು.

ರತ್ನವ್ವ ಹೆಂಗಸಿನ ಕೈ ಬಿಟ್ಟಳು. ಅವ್ವ ಇದ್ದಿದ್ದರೆ ಈ ಬುತ್ತಿ ಗಂಗಾವತಿಯ ಸಂತೆಯಲ್ಲಿ ಹುಟ್ಟುತ್ತಿರಲಿಲ್ಲ. ಅವ್ವ ಇಲ್ಲ. ತಮ್ಮನೂ ಇಲ್ಲ. ಮನೆ, ದೋಣಿ ಯಾವುದೂ ಇಲ್ಲ. ಚಪ್ಪರದ ಕೆಳಗೆ ಕೂತಿದ್ದ ಅಷ್ಟೂ ಮಂದಿಗೆ ಇದು ಗೊತ್ತು. ದುರಗಮ್ಮ ಸೋಬಾನ ಎತ್ತಿದಳು. ತವರಿನ ಹಂದರ, ತವರಿನ ಬಾಳೆ, ಹಡೆದವ್ವನ ಹರಕೆ ಅಂತ ಹಾಡು ಬೆಳೆಯಿತು. ಜೋಹರಾಬಿ ಮುಂಗೈ ಹಿಡಿದು ಹಸಿರು ಬಳೆ ಏರಿಸಿದಳು. ರತ್ನವ್ವ ಉಡಿ ಒಡ್ಡಿದಳು, ಆರತಿಗೆ ತಲೆ ಬಾಗಿಸಿದಳು, ಅರಿಸೆಲು ಮುರಿದು ಬಾಯಿಗಿಟ್ಟುಕೊಂಡು ನುಂಗಿದಳು. ತಾಯಿ ಸತ್ತ ಮಗಳು ಹಸಿರು ಸೀರೆ ಉಟ್ಟು ಹಾಡಿಸಿಕೊಂಡು ಕೂತಿದ್ದು ಆ ಸೀಮೆಯಲ್ಲಿ ಎಲ್ಲೂ ನಡೆದಿರಲಾರದು.

ಬಸ್ಸಿಗೆ ಹೊರಡುವಾಗ ಆ ಹೆಂಗಸಿನ ಹತ್ತಿರ ಹೋಗಿ ತೆಲುಗಿನಲ್ಲಿ ಮೆಲ್ಲಗೆ ಕೇಳಿದಳು. “ಅಕ್ಕಾ, ಒಂದು ಮಾತು. ನೀನು ಸಮುದ್ರ ನೋಡಿದ್ದೀಯಾ?”

“ಇಲ್ಲ ತಾಯಿ,” ಅಂದಳು ಆ ಹೆಂಗಸು. ಅಂದ ಮೇಲೆ ತಾನು ಏನು ಹೇಳಿಬಿಟ್ಟೆ ಅನ್ನುವುದು ಹೊಳೆದು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಹೋಗಿ ಬಾ. ಅವರಿಗೆ ಹೇಳಬೇಡ,” ಅಂದಳು ರತ್ನವ್ವ.

ಅವತ್ತಿನಿಂದ ನಗು ನಿಂತಿತು. ಊಟ ಹಾಕಿದರೆ ಉಂಡಳು, ಕೆಲಸ ಹೇಳಿದರೆ ಮಾಡಿದಳು. ಗೋವಿಂದರಾಜ ಮಲ್ಲಿಗೆ ತಂದರೆ ಮುಡಿದಳು. ಎಷ್ಟೋ ಸಲ ಅಳಬೇಕೆಂದು ಹಿತ್ತಲಿಗೆ ಹೋಗಿ ಕೂತಳು. ಅಳು ಬರಲಿಲ್ಲ. ಈ ಊರಲ್ಲಿ ಸಾವಾದರೆ ಹೆಂಗಸರು ಒಬ್ಬರ ಕೊರಳಿಗೊಬ್ಬರು ಬಿದ್ದು, ಸತ್ತವರ ಗುಣ ಹಾಡ್ಯಾಡಿ ಅಳುತ್ತಾರೆ. ಅವಳ ಕೇರಿಯಲ್ಲಿ ಹೆಂಗಸರು ದಂಡೆಗೆ ಹೋಗಿ ಎದೆ ಬಡಿದುಕೊಂಡು ಸಮುದ್ರವನ್ನೇ ಬೈಯುತ್ತಾರೆ. ಇಲ್ಲಿ ಕೊರಳಿಗೆ ಬೀಳಲು ಯಾರೂ ಇಲ್ಲ, ಬೈಯಲು ಸಮುದ್ರವಿಲ್ಲ. ಅವ್ವನ ಜೊತೆ ಕೂತು ಮಾತಾಡಿದ ಹೆಂಗಸರು ಇಲ್ಲಿ ಸಾಕ್ಷಿಗೂ ಒಬ್ಬರಿಲ್ಲ. ಒಬ್ಬಳೇ ಹೇಗೆ ಅಳುವುದು ಅನ್ನುವುದು ಅವಳಿಗೆ ಯಾರೂ ಕಲಿಸಿರಲಿಲ್ಲ.

ಶಿವರಾತ್ರಿಯ ಮುಂಚೆ ಒಂದು ಮಧ್ಯಾಹ್ನ. ಮಾರೆವ್ವ ಪಡಸಾಲೆಯಲ್ಲಿ ಆ ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದಳು. ತವರಿನ ಬುಟ್ಟಿ ಬರಿದು ಕಳಿಸಬಾರದು. ಅದಕ್ಕೆ ಬಿಳಿಜೋಳ, ಸುಲಿದ ಶೇಂಗಾ, ಒಂದು ಅಚ್ಚು ಬೆಲ್ಲ ತುಂಬುತ್ತಿದ್ದಳು. ವಿರುಪಣ್ಣ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಗೋವಿಂದರಾಜ ಉಣ್ಣುತ್ತಿದ್ದ.

“ನಿಮ್ಮವ್ವಗ ಶೇಂಗಾ ಸೇರತಾವಿಲ್ಲ?” ಮಾರೆವ್ವ ಸೊಸೆಯನ್ನು ಕೇಳಿದಳು. “ಗೋವಿಂದ ಆ ಕಡಿ ಹೋದಾಗ ಕೊಟ್ಟು ಬರ್ತಾನ.”

ರತ್ನವ್ವ ಬಂದು ಅತ್ತೆಯ ಎದುರಿಗೆ ನೆಲದ ಮೇಲೆ ಕೂತಳು. “ಯಾರಿಗೆ ಕಳಸ್ತೀರಿ ಅತ್ತಿ?”

“ಯಾರಿಗಂದ್ರ? ನಿಮ್ಮವ್ವಗ.”

“ನಮಗ ಹೊಲ ಇರಲಿಲ್ರಿ.”

ಮಾರೆವ್ವನ ಬೊಗಸೆ ಬುಟ್ಟಿಯ ಮೇಲೆ ಹಾಗೇ ನಿಂತಿತು.

“ಒಂದು ಗೇಣು ಹೊಲ ಇರಲಿಲ್ಲ ಅತ್ತಿ. ಬರೇ ಉಸುಕು. ನನಗ ಹೊಸ್ತಿಲ ಹುಣ್ಣಿಮಿ ದಿನಾನ ಗೊತ್ತಾತು. ಹಿತ್ತಲದಾಗ ಕೇಳೀನಿ ಎಲ್ಲಾ.”

“ಅಲ್ಲೀಂದ ಸುಮ್ನ ಇದ್ದೀ?” ಗೋವಿಂದರಾಜ ತಾಟು ಬಿಟ್ಟು ಎದ್ದ.

“ನೀವು ಸುಮ್ನ ಇದ್ರೆಲ್ಲ. ಆಮ್ಯಾಗ ನೀವು ದೋಣಿ ಐತಿ ಅಂದ್ರಿ. ನಾ ನಂಬಿದೆ. ಯಾಕ ಹಂಗಂದ್ರಿ? ನಮ್ಮವ್ವನ್ನ ಒಮ್ಮೆ ಸಾಯಿಸಿದ್ರ ಆಗತಿರಲಿಲ್ಲ?”

“ಈಗ ಅದೆಲ್ಲಾ ಬ್ಯಾಡ. ಏಳು ತಿಂಗಳ ತುಂಬ್ಯಾವ, ಹೊಟ್ಟ್ಯಾಗಿನ ಕೂಸಿಗೆ...” ಅಂತ ವಿರುಪಣ್ಣ ಬಾಯಿ ಹಾಕಿದ.

“ನೀವು ಸುಮ್ನಿರ್ರಿ!” ಮಾರೆವ್ವ ಗಂಡನ ಮೇಲೆ ಹರಿಹಾಯ್ದಳು. “ನಿಮ್ಮ ಮಾತು ಕೇಳೇ ಇಲ್ಲಿತನ ಬಂದದ್ದು. ಗೋವಿಂದ, ಹೇಳು. ಅಲ್ಲಿ ಏನು ನೋಡಿ ಬಂದಿ, ಆಕಿ ಮುಂದ ಹೇಳು.”

ಗೋವಿಂದರಾಜ ಗೋಡೆಗೆ ಒರಗಿ ನಿಂತು ಹೇಳಿದ. ಕೇರಿ ಇದ್ದ ಜಾಗದಲ್ಲಿ ಏನೂ ಇರಲಿಲ್ಲ. ಒಂದು ಕೈಪಂಪು ಮಾತ್ರ ನಿಂತಿತ್ತು, ಅದರಲ್ಲೂ ಉಪ್ಪುನೀರು. ದೋಣಿಗಳು ದೂರದ ಗದ್ದೆಯಲ್ಲಿ ಬಿದ್ದಿದ್ದವು. ಸಾಲಿಯ ಕಟ್ಟಡದಲ್ಲಿ ಉಳಿದವರನ್ನು ಇಟ್ಟಿದ್ದರು, ಅಲ್ಲಿ ಒಬ್ಬ ಮುದುಕ ಗುರುತು ಹಿಡಿದು ಹೇಳಿದ. ಬೆಳಿಗ್ಗೆ ತಮ್ಮ ಬಲೆ ಎಳೆಯುತ್ತಿದ್ದನಂತೆ, ಅವ್ವ ದಂಡೆಯಲ್ಲಿ ಮೀನು ಬೇರೆ ಮಾಡುತ್ತಿದ್ದಳಂತೆ. ತಮ್ಮನನ್ನು ಎಲ್ಲರ ಜೊತೆ ಒಂದೇ ಕುಣಿಯಲ್ಲಿ ಮಣ್ಣು ಮಾಡಿದರು. ಅವ್ವ ಸಿಗಲೇ ಇಲ್ಲ.

“ನಾ ದಂಡಿ ಗುಂಟ ಹುಡುಕಿದೆ,” ಅಂದ. “ಭಾಳ ಹುಡುಕಿದೆ ರತ್ನಾ. ಹುಡುಕಿ ಬಂದು ಆಕಿ ಇಲ್ಲ ಅಂತ ಹೇಳಾಕ ನನಗ ಆಗಲಿಲ್ಲ.”

ರತ್ನವ್ವ ತಲೆಯಾಡಿಸಿದಳು. ಆಗಲೂ ಕಣ್ಣೀರು ಬರಲಿಲ್ಲ. ಮುಖ ಒಣಗಿಸಿದ ಬಟ್ಟೆಯ ಹಾಗೆ ಆಗಿತ್ತು. ಅದನ್ನು ನೋಡಿ ಮಾರೆವ್ವನಿಗೆ ಹೆದರಿಕೆಯಾಯಿತು. ಅತ್ತ ಬಸುರಿಗಿಂತ ಅಳದ ಬಸುರಿಯೇ ಹೆಚ್ಚು ಹೆದರಿಕೆ ಅನ್ನುವುದು ಅವಳಿಗೆ ಆ ಹೊತ್ತಿಗೆ ಹೊಳೆಯಿತು. ಎದ್ದು ಹೋಗಿ ಮುಂಬಾಗಿಲನ್ನು ಎರಡೂ ಕದ ಹಾರು ಹೊಡೆದು ತೆರೆದಳು. ತಿರುಗಿ ಬಂದು ಸೊಸೆಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ತಲೆ ತುಂಬಾ ಸೆರಗು ಎಳೆದುಕೊಂಡು, ಒಂದು ಕೈ ಅವಳ ಕೊರಳಿಗೆ ಹಾಕಿ, ಸಾವಿನ ಮನೆಯಲ್ಲಿ ಎತ್ತುವ ದನಿ ಎತ್ತಿದಳು.

“ಹೋದ್ಯಲ್ಲೇ ನನ್ನವ್ವಾ... ನನ್ನ ಬೀಗತೀ...”

ಅಷ್ಟಕ್ಕೇ ದನಿ ನಿಂತಿತು. ಮಾರೆವ್ವ ಊರಲ್ಲಿ ಯಾರು ಸತ್ತರೂ ಹಾಡ್ಯಾಡಿ ಅಳುವವಳು. ಯಾವ ಮನೆಯಲ್ಲೂ ಅವಳಿಗೆ ಮಾತಿನ ಬರವಿರಲಿಲ್ಲ. ಈಗ ಮುಂದಿನ ಮಾತು ಬರಲಿಲ್ಲ. ಗುಡಿಸಲಿನ ಬಾಗಿಲಲ್ಲಿ, ಮದುವೆಯ ದಿನ ಗುಡಿಯಲ್ಲಿ ಎರಡು ಸಲ ಕಂಡ ಹೆಂಗಸು. ಇಷ್ಟು ವರ್ಷ ಬೀಗತಿ ಅಂದದ್ದು ಬಿಟ್ಟರೆ ಆಕೆಯ ಬಗ್ಗೆ ಏನೂ ಕೇಳಿರಲಿಲ್ಲ.

“ನಿಮ್ಮವ್ವನ ಹೆಸರೇನಬೇ?”

ರತ್ನವ್ವ ಅತ್ತೆಯ ಮುಖ ನೋಡಿದಳು.

“ನನಗ ಆಕಿ ಗೊತ್ತಿಲ್ಲ ಮಗಳ,” ಅಂದಳು ಮಾರೆವ್ವ, ನಾಚಿಕೆಯಿಂದ. “ಗೊತ್ತಿಲ್ದಾಕಿನ್ನ ಹೆಂಗ ಅಳಲಿ? ನೀ ಹೇಳಿಕೊಡು. ಹೆಸರೇನು?”

“ಪೋಲಮ್ಮ.”

“ತಮ್ಮಂದು?”

“ಸೂರಿಬಾಬು.”

“ಏನ್ ಮಾಡತಿದ್ಲು ನಿಮ್ಮವ್ವ?”

“ಮೀನ ಮಾರತಿದ್ಲು. ತಲಿ ಮ್ಯಾಲ ಬುಟ್ಟಿ ಹೊತ್ತು, ನನ್ನ ಕಂಕುಳಾಗ ಹೊತ್ತು.”

ಮಾರೆವ್ವ ಮತ್ತೆ ದನಿ ಎತ್ತಿದಳು. ಈ ಸಲ ದನಿ ಬೀದಿಗೆ ಕೇಳಿಸಿತು.

“ಪೋಲವ್ವಾ... ನನ್ನವ್ವಾ ಪೋಲವ್ವಾ...
ತಲಿಮ್ಯಾಲ ಮೀನ ಹೊತ್ತಿ, ಕಂಕುಳಾಗ ಮಗಳ ಹೊತ್ತಿ,
ಉಸುಕಿನಾಗ ನಡದು ಬೆಳಸಿದ್ಯಲ್ಲೇ ನನ್ನವ್ವಾ...
ಬುತ್ತಿ ತರಬೇಕಾದಾಕಿ ಯಾವ ನೀರಾಗ ಕುಂತ್ಯಲ್ಲೇ ಪೋಲವ್ವಾ...”

ಅವ್ವನ ಹೆಸರು ಆ ಮನೆಯಲ್ಲಿ ಮೊದಲ ಸಲ ಯಾರದೋ ಬಾಯಲ್ಲಿ ಬಂದದ್ದು. ರತ್ನವ್ವನ ಒಳಗಿನಿಂದ ಒಂದು ಕೂಗು ಹೊರಟಿತು. ಅದು ಕನ್ನಡವೂ ಆಗಿರಲಿಲ್ಲ, ತೆಲುಗೂ ಆಗಿರಲಿಲ್ಲ. ಅತ್ತೆಯ ಎದೆಗೆ ಮುಖ ಒತ್ತಿ ಅತ್ತಳು. ಓಣಿಯ ಹೆಂಗಸರು ಕೈಯಲ್ಲಿದ್ದ ಕೆಲಸ ಬಿಟ್ಟು ಬಂದರು. ಮೊದಲು ಜೋಹರಾಬಿ, ಹಿಂದೆ ದುರಗಮ್ಮ, ಆಮೇಲೆ ನಳದ ಹತ್ತಿರದವರು. ಒಬ್ಬೊಬ್ಬರೂ ಬಾಗಿಲಲ್ಲೇ ಸೆರಗು ಎಳೆದುಕೊಂಡು ಒಳಗೆ ಬಂದು ಸುತ್ತ ಕೂತು ದನಿ ಕೂಡಿಸಿದರು.

ನಡುವೆ ಒಮ್ಮೆ ಮಾರೆವ್ವ ಸೆರಗಿನಿಂದ ಸೊಸೆಯ ಮೂಗು ಒರೆಸಿ, ಕಿವಿಯ ಹತ್ತಿರ ಬಗ್ಗಿದಳು.

“ಇನ್ನೂ ಹೇಳು ಮಗಳ. ಏನ್ ಉಣ್ಣತಿದ್ಲು? ಹೆಂಗ ನಗತಿದ್ಲು? ಎಲ್ಲಾ ಹೇಳು, ಕೂಡೇ ಅಳೂಣು.”